ಗ್ಲೌಸ್ ಹಾಕಿದ ಮಾತ್ರಕ್ಕೆ ಕೈ ಶುಚಿಯಾಗದು

ವೃದ್ಧರ ಆರೈಕೆ ಕೇಂದ್ರದಲ್ಲಿ ಗ್ಲೌಸ್ ಹಾಕಿಕೊಂಡ ಆಯಾರನ್ನು ಕಂಡರೆ ಮನೆಯವರಿಗೆ ನೆಮ್ಮದಿ. ಆದರೆ ಡೈಪರ್ ಬದಲಿಸಿದ ಅದೇ ಗ್ಲೌಸಿನಲ್ಲಿ ಮಂಚದ ಕಂಬಿ ಹಿಡಿದು, ಕ್ಯಾಥೆಟರ್ ಸರಿಪಡಿಸಿ, ಪಕ್ಕದ ಮಂಚದವರ ಹಲ್ಲುಸೆಟ್ಟು ತೆಗೆದರೆ ಗ್ಲೌಸು ಕಾಪಾಡಿದ್ದು ಆಯಾರ ಕೈಯನ್ನು ಮಾತ್ರ, ಮಲಗಿದವರನ್ನಲ್ಲ. ಬಿಚ್ಚುವಾಗ ಹೊರಮೈಯ ಕೊಳೆ ಬೆರಳಿಗೆ ತಾಗುವುದೂ ಉಂಟು. ಹಾಗಾಗಿ ಒಬ್ಬರ ಒಂದು ಕೆಲಸಕ್ಕೆ ಒಂದು ಜೊತೆ, ಬಿಚ್ಚಿದ ಮೇಲೆ ತಪ್ಪದೆ ಕೈ ಶುಚಿ. ವಯಸ್ಸಾದವರ ಚರ್ಮ ತೆಳು, ರೋಗನಿರೋಧಕ ಶಕ್ತಿ ಕಡಿಮೆ. ಸೋಂಕು ತಗುಲಿದರೂ ಕೆಲವರಿಗೆ ಜ್ವರವೇ ಬಾರದು. ಊಟ ಬೇಡವೆನ್ನುವುದು, ಇದ್ದಕ್ಕಿದ್ದಂತೆ ಮಂಕಾಗುವುದು ಇಷ್ಟೇ ಸುಳಿವು.

ಇದಕ್ಕೆಲ್ಲ ಆಯಾಗಳ ಅಸಡ್ಡೆಯೇ ಕಾರಣ ಎಂದುಬಿಡುವುದು ಸುಲಭ, ಆದರೆ ನ್ಯಾಯವಲ್ಲ. ಜಿನೀವಾದ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಡಾ. ದಿದಿಯೆ ಪಿತೆ ಅವರ ತಂಡ 1994ರಲ್ಲಿ ಲೆಕ್ಕ ಹಾಕಿದಾಗ, ಕೈ ಶುಚಿ ಮಾಡಲೇಬೇಕಾದ ಸಂದರ್ಭಗಳಲ್ಲಿ ಸಿಬ್ಬಂದಿ ಹಾಗೆ ಮಾಡಿದ್ದು ಶೇ. 48ರಷ್ಟು ಮಾತ್ರ. ತಂಡವು ಹಾಸಿಗೆಯ ಪಕ್ಕದಲ್ಲೇ ಆಲ್ಕೋಹಾಲ್ ದ್ರಾವಣ ಇರಿಸಿತು, ಭಿತ್ತಿಚಿತ್ರ ಅಂಟಿಸಿತು, ಎಣಿಕೆಯ ಫಲವನ್ನು ಸಿಬ್ಬಂದಿಗೇ ತಿಳಿಸಿತು. 1997ರ ಹೊತ್ತಿಗೆ ಪ್ರಮಾಣ ಶೇ. 66ಕ್ಕೆ ಏರಿತು, ಆಸ್ಪತ್ರೆಯಲ್ಲೇ ತಗುಲುವ ಸೋಂಕು 1998ರ ಹೊತ್ತಿಗೆ ಶೇ. 16.9ರಿಂದ 9.9ಕ್ಕೆ ಇಳಿಯಿತು. ಸುಧಾರಿಸಿದವರು ದಾದಿಯರು ಮತ್ತು ಅವರ ಸಹಾಯಕರು. ವೈದ್ಯರು ಹಿಂದೆಯೇ ಉಳಿದರು! ಅದು ಆಸ್ಪತ್ರೆಯ ಲೆಕ್ಕ, ನಿಜ. ಆದರೆ ನಲ್ಲಿ ಕಾರಿಡಾರಿನ ಕೊನೆಯಲ್ಲಿದ್ದು, ಹತ್ತಾರು ವೃದ್ಧರನ್ನು ಒಬ್ಬಿಬ್ಬರೇ ನೋಡಿಕೊಳ್ಳಬೇಕಾದ ಕಡೆ ಉಪದೇಶದಿಂದ ಏನೂ ಆಗದೆಂಬುದು ಆರೈಕೆ ಕೇಂದ್ರಕ್ಕೂ ಸಲ್ಲುವ ಮಾತು. ಸೋಪು-ನೀರಿಗೆ 40ರಿಂದ 60 ಸೆಕೆಂಡು ಬೇಕು, ಆಲ್ಕೋಹಾಲ್ ದ್ರಾವಣಕ್ಕೆ 20ರಿಂದ 30 ಸಾಕು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಹಾಗೆಂದು ದ್ರಾವಣವೊಂದನ್ನೇ ನಂಬುವಂತಿಲ್ಲ. ಕೈ ಕೊಳೆಯಾಗಿದ್ದರೆ, ಯಾರಿಗಾದರೂ ಭೇದಿಯಾಗುತ್ತಿದ್ದರೆ ಸೋಪು-ನೀರೇ ಆಗಬೇಕು. ಕ್ಲಾಸ್ಟ್ರಿಡಿಯಾಯ್ಡೀಸ್ ಡಿಫಿಸೀಲ್ ಎಂಬ ಬ್ಯಾಕ್ಟೀರಿಯಾದ ಬೀಜಕಣಗಳು ಆಲ್ಕೋಹಾಲಿಗೆ ಜಗ್ಗುವುದಿಲ್ಲ.

ಆರೈಕೆ ಕೇಂದ್ರ ವೃದ್ಧರ ಮನೆ, ಆಸ್ಪತ್ರೆಯ ಕಟ್ಟುಪಾಡು ಇಲ್ಲೇಕೆ ಎಂಬ ಆಕ್ಷೇಪದಲ್ಲಿ ಹುರುಳಿದೆ. ತಲೆ ಬಾಚಲು, ಕೈ ಹಿಡಿದು ಕೂರಿಸಲು ಸಾಮಾನ್ಯವಾಗಿ ಗ್ಲೌಸ್ ಬೇಡವೇ ಬೇಡ. ಮಲ, ಮೂತ್ರ, ರಕ್ತ, ಹುಣ್ಣು ಮುಂತಾದವನ್ನು ಮುಟ್ಟುವಾಗ ಮಾತ್ರ ಅದು ಬೇಕು. ಉಳಿದ ಹೊತ್ತು ಶುಚಿಯಾದ ಬರಿಗೈಯ ಸ್ಪರ್ಶ ಅವರಿಗೆ ಸಿಗಲಿ. ಶುಚಿಯ ನಿಯಮ ಪ್ರೀತಿಗೆ ಅಡ್ಡಿ ಎನ್ನುವವರು ಇದನ್ನು ಗಮನಿಸಬೇಕು. ಅಪ್ಪ ಅಮ್ಮನನ್ನು ಸೇರಿಸಲು ಕೇಂದ್ರ ನೋಡಹೋದವರು ಹೊಳೆಯುವ ನೆಲಕ್ಕೆ ಮರುಳಾಗದಿರಿ. ಮಂಚದ ಕೈಯಳತೆಯಲ್ಲಿ ದ್ರಾವಣದ ಬಾಟಲಿ ಇದೆಯೇ, ಅದು ತುಂಬಿದೆಯೇ, ರಾತ್ರಿ ಪಾಳಿಯಲ್ಲಿ ಎಷ್ಟು ಜನರಿಗೆ ಒಬ್ಬ ಆಯಾ ಎಂದು ವಿಚಾರಿಸಿ. ನೋಡಲು ಹೋದಾಗಲೆಲ್ಲ, ಅವರನ್ನು ಮುಟ್ಟುವ ಮುನ್ನ ನೀವೂ ಕೈ ತೊಳೆಯಿರಿ.