ಹೆಸರು ಒಂದೇ, ತೋಟೆ ಬೇರೆ

ಕೊಡಗಿನ ಮನೆಗಳಲ್ಲಿ ದೇವರ ದೀಪಕ್ಕೂ ಭತ್ತದ ಕಣಜಕ್ಕೂ ಇರುವಂತೆ ಕೋವಿಗೂ ನಿಯತವಾದ ಒಂದು ಸ್ಥಾನವುಂಟು. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮರಣ ಸಂಭವಿಸಿದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವುದು ಹಿರಿಯರಿಂದ ಬಂದ ಪದ್ಧತಿ. ಪುತ್ತರಿಯ ರಾತ್ರಿ ಗದ್ದೆಯಲ್ಲಿ ಕದಿರು ತೆಗೆಯುವಾಗ ಗುಂಡಿನ ಶಬ್ದ ಕೇಳಲೇಬೇಕು. ಕೈಲ್‌ಪೊಳ್ದಿನಂದು ಕೋವಿ ಕತ್ತಿಗಳನ್ನು ತೊಳೆದೊರಸಿ ಪೂಜೆಗಿಟ್ಟು, ನಳಿಗೆಯ ಬಾಯಿಗೆ ತೋಕ್‌ಪೂವನ್ನು ಸಿಕ್ಕಿಸುವರು. ಈ ಹೂವನ್ನು ಸಂಸ್ಕೃತದಲ್ಲಿ ಅಗ್ನಿಶಿಖೆಯೆನ್ನುವುದುಂಟು. ಕೋವಿಗೆ ಇದಕ್ಕಿಂತ ಸಲ್ಲುವ ಹೂವನ್ನು ಹುಡುಕಿದರೂ ಸಿಕ್ಕಲಾರದು.

೧೮೫೭ರ ದಂಗೆಯ ತರುವಾಯ ಜನರಿಂದ ಆಯುಧಗಳನ್ನು ತೆಗೆಸಿಬಿಡುವ ಕಾನೂನು ಹೊರಟಾಗ, ಮೈಸೂರು ಕೊಡಗುಗಳ ಕಮಿಷನರಾಗಿದ್ದ ಮಾರ್ಕ್ ಕಬ್ಬನ್ನರು ೧೮೬೧ರಲ್ಲಿ ಕೊಡವರಿಗೆ ಅದರಿಂದ ವಿನಾಯತಿ ಕೊಟ್ಟರು. ೧೯೫೯ರ ಆಯುಧ ಕಾನೂನು ಬಂದ ಮೇಲೂ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯತಿ ಮುಂದುವರಿಯಿತು. ೨೦೧೯ರ ಅಕ್ಟೋಬರಿನಲ್ಲಿ ಕೇಂದ್ರ ಸರಕಾರವು ಅದನ್ನು ೨೦೨೯ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕದ ಹೈಕೋರ್ಟು ೨೦೨೧ರಲ್ಲಿ ಮಾನ್ಯಮಾಡಲಿಲ್ಲ. ಆದರೆ ಕಾನೂನು ಲೈಸೆನ್ಸಿನಿಂದ ವಿನಾಯತಿ ಕೊಡಬಲ್ಲುದೇ ಹೊರತು ಸಿಡಿಮದ್ದಿನ ಒತ್ತಡದಿಂದ ಕೊಡಲಾರದು. ಆ ಒತ್ತಡದ ವಿಷಯವಾಗಿಯೇ ವಾಚಕರ ಸಂಗಡ ನಾಲ್ಕು ಮಾತನಾಡಬೇಕೆಂದು ಈ ಲೇಖನವನ್ನು ಹಿಡಿದಿದ್ದೇನೆ.

ಹಿಂದೆ ಮನೆಗೊಂದು ಜೋಡುನಳಿಗೆ ಕೋವಿ ಇದ್ದರೆ ಸಾಕಾಗುತ್ತಿತ್ತು. ಈಗ ಕೆಲವರು ತೋಟದ ಕೂಲಿಹಣ ತರುವಾಗಲೋ, ಒಂಟಿಮನೆಯ ರಕ್ಷಣೆಗೆಂದೋ ರಿವಾಲ್ವರನ್ನೂ ಇಟ್ಟುಕೊಳ್ಳುತ್ತಾರೆ. ಅಂಥ ಮನೆಯ ತರುಣರೊಬ್ಬರು ಈಚೆಗೆ ನನ್ನೊಡನೆ ಮಾತನಾಡುತ್ತ, “ನಮ್ಮ ಚಿಕ್ಕಪ್ಪನವರ ಪಿಸ್ತೂಲಿನ ತೋಟೆಗಳು ಒಂದು ಪೆಟ್ಟಿಗೆ ಉಳಿದಿವೆ, ಮಾಸ್ಟ್ರೇ. ಅದೂ ಮೂವತ್ತೆರಡು, ನಮ್ಮ ರಿವಾಲ್ವರೂ ಮೂವತ್ತೆರಡು. ಹಾಕಿ ನೋಡಿದೆ, ಹಿಡಿಸುತ್ತದೆ. ಹಾರಿಸಬಹುದಲ್ಲವೇ?” ಎಂದು ಕೇಳಿದರು. ಹಾರಿಸಕೂಡದು ಎಂದು ಒಡನೆಯೇ ಹೇಳಿದೆ. ಏಕೆ ಕೂಡದೆಂಬುದನ್ನು ತಿಳಿಸಲು ಮಾತ್ರ ಒಂದು ಸಂಜೆಯೇ ಬೇಕಾಯಿತು.

ಶಾಸ್ತ್ರಪಾಠದಲ್ಲಿ ಸೈಂಧವವೆಂಬ ಶಬ್ದವನ್ನು ದೃಷ್ಟಾಂತವಾಗಿ ಕೊಡುವುದುಂಟು. ಅದಕ್ಕೆ ಉಪ್ಪೆಂದೂ ಅರ್ಥ, ಕುದುರೆಯೆಂದೂ ಅರ್ಥ. ಊಟಕ್ಕೆ ಕುಳಿತ ಯಜಮಾನನು ಸೈಂಧವವನ್ನು ತಾ ಎಂದರೆ ಲಾಯಕ್ಕೆ ಓಡುವ ಆಳು ಎಷ್ಟರ ಬುದ್ಧಿವಂತನು? ತೋಟೆಗಳ ಲೋಕದಲ್ಲಿ ‘ಮೂವತ್ತೆರಡು’ ಎಂಬುದು ಇಂಥದೊಂದು ನಾನಾರ್ಥಶಬ್ದ. ಅಂಗುಲದ ನೂರು ಪಾಲಿನಲ್ಲಿ ಮೂವತ್ತೆರಡು ಎಂದು ಅದರ ಅಕ್ಷರಾರ್ಥ. ಆದರೆ ಗುಂಡನ್ನು ಅಳೆದರೆ ಸುಮಾರು.೩೧೨ ಅಂಗುಲ ಮಾತ್ರವೇ ಇರುವುದು. ಹೆಸರು ಅಳತೆಯಂತೆ ಕಂಡರೂ ಅಳತೆಯಲ್ಲ, ಬರಿಯ ರೂಢಿ.

ಈ ಒಂದು ರೂಢಿಯ ಹೆಸರಿನಡಿಯಲ್ಲಿ ಮೂರು ಬೇರೆ ಬೇರೆ ತೋಟೆಗಳು ಅಡಗಿವೆ. ಮೊದಲನೆಯದು ಅಮೆರಿಕದ ಸ್ಮಿತ್ ಮತ್ತು ವೆಸನ್ ಕಂಪೆನಿಯವರು ೧೮೭೮ರಲ್ಲಿ ಹೊರತಂದ ಗಿಡ್ಡ ತೋಟೆ. ಎರಡನೆಯದು ಅದೇ ಕಂಪೆನಿಯವರು ೧೮೯೬ರಲ್ಲಿ ಅದನ್ನೇ ಉದ್ದಮಾಡಿ ತಂದ ‘ಲಾಂಗ್’ ತೋಟೆ. ನಮ್ಮ ದೇಶದ ಸರಕಾರಿ ಕಾರ್ಖಾನೆಗಳ .೩೨ ರಿವಾಲ್ವರುಗಳೆಲ್ಲ ಈ ಎರಡನೆಯದಕ್ಕಾಗಿ ಮಾಡಿದವು. ಕಾನಪುರದ ಹಳೆಯ ರಿವಾಲ್ವರು, ೨೦೧೪ರಲ್ಲಿ ಹೆಂಗಸರ ಉಪಯೋಗಕ್ಕೆಂದು ಬಂದ ಹಗುರವಾದ ‘ನಿರ್ಭೀಕ್’, ೨೦೨೩ರಲ್ಲಿ ಬಂದ ‘ಪ್ರಬಲ್’ ಮೂರೂ ಹೀಗೆಯೇ. ಮೂರನೆಯದು ಬ್ರೌನಿಂಗನು ೧೮೯೯ರ ಸುಮಾರಿನಲ್ಲಿ ತನ್ನ ಸ್ವಯಂಚಾಲಿತ ಪಿಸ್ತೂಲಿಗಾಗಿ ರಚಿಸಿದ ತೋಟೆ. ನಮ್ಮ ಕಾರ್ಖಾನೆಗಳ .೩೨ ಪಿಸ್ತೂಲು ತಿನ್ನುವುದು ಇದನ್ನು. ಮಿಲಿಮೀಟರಿನ ಲೆಕ್ಕದಲ್ಲಿ ರಿವಾಲ್ವರಿನದೂ ೭.೬೫, ಪಿಸ್ತೂಲಿನದೂ ೭.೬೫. ಆದಕಾರಣ ಪೆಟ್ಟಿಗೆಯ ಮೇಲಿನ ಮೊದಲನೆಯ ಅಂಕಿಯನ್ನು ಓದಿದವನಿಗೆ ಏನೂ ತಿಳಿಯದು. ಎರಡನೆಯ ಅಂಕಿಯನ್ನು ನೋಡಬೇಕು: ರಿವಾಲ್ವರಿನ ಲಾಂಗ್ ತೋಟೆಯ ಕೋಶವು ೨೩ ಮಿಲಿಮೀಟರು ಉದ್ದ, ಪಿಸ್ತೂಲಿನದು ೧೭.

ನಮ್ಮಲ್ಲಿ ಈ .೩೨ಕ್ಕೆ ಇಷ್ಟು ಪ್ರಚಾರ ಬಂದುದಕ್ಕೂ ಒಂದು ಕಾರಣವುಂಟು. ಸೈನ್ಯದ ತೋಟೆಗಳನ್ನು ಹಾರಿಸಬಲ್ಲ ಕೈಬಂದೂಕುಗಳನ್ನು ಸಾಮಾನ್ಯ ಜನರು ಇಟ್ಟುಕೊಳ್ಳದಂತೆ ಕಾನೂನು ನಿರ್ಬಂಧಿಸಿದೆ. ಹಳೆಯ ವೆಬ್ಲಿ ಮುಂತಾದವುಗಳ .೩೮೦ ಮತ್ತು .೪೫೫ ತೋಟೆಗಳು ಆ ಪಟ್ಟಿಗೆ ಸೇರಿದವು. ಹೀಗಾಗಿ ಗೃಹಸ್ಥನ ಪಾಲಿಗೆ ಉಳಿದುದು ಮುಖ್ಯವಾಗಿ ಮೂವತ್ತೆರಡೇ.

ಇನ್ನು ತೋಟೆಯ ಒಳಗನ್ನು ನೋಡೋಣ. ಹಿತ್ತಾಳೆಯ ಕೋಶ, ಅದರ ಬುಡದಲ್ಲಿ ಕೇಪು, ಒಳಗೆ ಮದ್ದು, ಬಾಯಲ್ಲಿ ಗುಂಡು, ಇವು ನಾಲ್ಕು ಅಂಗಗಳು. ಕುದುರೆಯು ಕೇಪನ್ನು ಕುಟ್ಟಿದೊಡನೆ ಮದ್ದು ಹೊತ್ತಿ ಅನಿಲವಾಗಿ ಹಿಗ್ಗುತ್ತದೆ. ಆ ಕ್ಷಣದಲ್ಲಿ ತೆಳುವಾದ ಹಿತ್ತಾಳೆಯನ್ನು ಒಡೆಯದಂತೆ ಹಿಡಿದಿಡುವುದು ರಿವಾಲ್ವರಿನ ಉರುಳೆಯ, ಅಂದರೆ ಸಿಲಿಂಡರಿನ, ಉಕ್ಕಿನ ಗೋಡೆ. ಆರು ಗೂಡುಗಳನ್ನು ಕೊರೆದ ಮೇಲೆ ಆ ಗೋಡೆ ಬಹಳ ದಪ್ಪವಾಗಿ ಉಳಿದಿರುವುದಿಲ್ಲವೆಂಬುದನ್ನು ಉರುಳೆಯನ್ನು ಹೊರಗೆ ತೆಗೆದು ನೋಡಿದವರೆಲ್ಲ ಬಲ್ಲರು. ಈ ಗೋಡೆಯು ಎಷ್ಟು ಒತ್ತಡವನ್ನು ತಡೆಯಬೇಕೆಂಬುದಕ್ಕೆ ಅಮೆರಿಕದ ತಯಾರಕರ ಸಂಘದವರು ಗೊತ್ತುಮಾಡಿದ ಮೇರೆಗಳುಂಟು.  ಲಾಂಗ್ ತೋಟೆಗೆ ಚದರ ಅಂಗುಲಕ್ಕೆ ೧೫,೦೦೦ ಪೌಂಡು. ಪಿಸ್ತೂಲಿನ ತೋಟೆಗೆ ೨೦,೫೦೦. ಲಾಂಗಿಗಿಂತ ಮೋಟಾಗಿ ಕಾಣುವ ಪಿಸ್ತೂಲಿನ ತೋಟೆಯೇ ಅದಕ್ಕಿಂತ ಮೂರನೆಯ ಒಂದು ಪಾಲಿಗೂ ಹೆಚ್ಚು ಒತ್ತುತ್ತದೆ! ನೋಟಕ್ಕೆ ಸಣ್ಣದಾದುದು ಬಲದಲ್ಲಿಯೂ ಸಣ್ಣದೆಂಬ ನಮ್ಮ ಸಹಜವಾದ ಊಹೆಯು ಕೆಟ್ಟುಹೋಗುವುದು ಇಲ್ಲಿಯೇ.

ಒತ್ತಡವಲ್ಲದೆ ಅಂಚಿನ ತೊಡಕೂ ಇದೆ. ರಿವಾಲ್ವರಿನ ತೋಟೆಯ ಬುಡದಲ್ಲಿ ಅಗಲವಾದ ಅಂಚಿದ್ದು, ವ್ಯಾಸದಲ್ಲಿ ಕೋಶಕ್ಕಿಂತ ಸುಮಾರು ಒಂದು ಮಿಲಿಮೀಟರು ಹೆಚ್ಚಾಗಿರುತ್ತದೆ. ಗೂಡಿನ ಬಾಯಿಗೆ ತಗಲಿ ತೋಟೆಯನ್ನು ತಕ್ಕ ಎಡೆಯಲ್ಲಿ ನಿಲ್ಲಿಸುವುದು ಈ ಅಂಚು. ಪಿಸ್ತೂಲಿನ ತೋಟೆಯ ಅಂಚು ಇದ್ದೂ ಇಲ್ಲದಂತೆ, ಅರ್ಧ ಮಿಲಿಮೀಟರಿನಷ್ಟು ಮಾತ್ರ, ಮತ್ತು ತೆಳುವಾದುದು. ಅದು ರಿವಾಲ್ವರಿನ ಗೂಡಿನಲ್ಲಿ ಹೇಗೋ ನಿಲ್ಲುತ್ತದೆ. ಹಿಂದೆ ಸಂದು ಉಳಿಯುವುದರಿಂದ ಕುದುರೆಯ ಪೆಟ್ಟು ಕೇಪಿಗೆ ಸರಿಯಾಗಿ ಬೀಳದೆ ಹೋಗಬಹುದು. ಬಿದ್ದು ಸಿಡಿದರೆ ಕೇಪು ಹಿಂದಕ್ಕೆ ಸರಿದು ಉರುಳೆ ತಿರುಗದಂತೆ ಕಚ್ಚಿಕೊಳ್ಳಬಹುದು. ಆಪತ್ಕಾಲಕ್ಕೆಂದು ಇಟ್ಟುಕೊಂಡ ಆಯುಧವು ಆ ಕಾಲದಲ್ಲಿ ಮೂಕವಾಗಿ ಕುಳಿತರೆ ಏನು ಪ್ರಯೋಜನ?

ಹಳೆಯ ಪಾಠದ ಅಭ್ಯಾಸದಿಂದ ಇನ್ನೊಂದು ಮಾತನ್ನು ಹೇಳದೆ ಇರಲಾರೆ. ವಾಕ್ಯಾರ್ಥ ಕೂಡಿಬರಬೇಕಾದರೆ ಪದಗಳು ಒತ್ತಟ್ಟಿಗಿದ್ದರೆ ಸಾಲದು, ಅವುಗಳಿಗೆ ಪರಸ್ಪರ ಯೋಗ್ಯತೆಯೂ ಬೇಕೆಂದು ತಾರ್ಕಿಕರು ಹೇಳುತ್ತಾರೆ. ಬೆಂಕಿಯಿಂದ ಗಿಡಕ್ಕೆ ಎರೆದನೆಂಬಲ್ಲಿ ಪದಗಳೆಲ್ಲ ಸಮೀಪವಾಗಿಯೇ ಇವೆ, ಯೋಗ್ಯತೆ ಮಾತ್ರ ಇಲ್ಲ. ಗೂಡಿನಲ್ಲಿ ಹಿಡಿಸಿದ ಅನ್ಯತೋಟೆಯ ಅವಸ್ಥೆಯೂ ಅದೇ.

ಹಾಗಾದರೆ ಯಾವ ತೋಟೆಗೂ ಬದಲಿಯೇ ಇಲ್ಲವೇ ಎಂದರೆ, ಉಂಟು. ಒಂದೇ ವಂಶದಲ್ಲಿ ಉದ್ದನೆಯದಕ್ಕಾಗಿ ಮಾಡಿದ ಗೂಡಿನಲ್ಲಿ ಗಿಡ್ಡನೆಯದನ್ನು ಹಾರಿಸಬಹುದು. ಲಾಂಗ್ ರಿವಾಲ್ವರಿನಲ್ಲಿ ೧೮೭೮ರ ಗಿಡ್ಡ .೩೨ ನಿರಪಾಯವಾಗಿ ಹಾರುತ್ತದೆ. ವಿದೇಶದಲ್ಲಿ ಇದಕ್ಕೆ ಪ್ರಸಿದ್ಧವಾದ ಇನ್ನೊಂದು ಉದಾಹರಣೆ .೩೫೭ ಮ್ಯಾಗ್ನಮ್. ೧೯೩೫ರಲ್ಲಿ ಅದನ್ನು ತಂದವರು .೩೮ ಸ್ಪೆಶಲ್ ತೋಟೆಯನ್ನೇ ಅಂಗುಲದ ಎಂಟನೆಯ ಒಂದು ಪಾಲಿಗಿಂತ ತುಸು ಹೆಚ್ಚಾಗಿ ಉದ್ದಮಾಡಿದರು. ಮದ್ದಿಗೆ ಸ್ಥಳ ಸಾಲದೆ ಹಾಗೆ ಮಾಡಿದರೆಂದು ತಿಳಿಯಬಾರದು. ಹೊಸ ತೋಟೆಯ ಒತ್ತಡದ ಮೇರೆ ೩೫,೦೦೦ ಪೌಂಡು, ಹಳೆಯದರದು ೧೭,೦೦೦. ಹೊಸದು ಹಳೆಯ ರಿವಾಲ್ವರಿನ ಗೂಡಿನೊಳಕ್ಕೆ ಪೂರ್ತಿಯಾಗಿ ಇಳಿಯಲೇಬಾರದೆಂದು ಆ ಉದ್ದವನ್ನು ಇಟ್ಟರು. ಹೀಗೆ .೩೫೭ರಲ್ಲಿ .೩೮ ಸ್ಪೆಶಲನ್ನು ಹಾರಿಸಬಹುದು, .೩೮ರಲ್ಲಿ .೩೫೭ನ್ನು ಹಾರಿಸಲಾಗದು. ಮನುಷ್ಯನು ಮರೆತರೂ ಲೋಹವೇ ನೆನಪಿಸುವಂತೆ ಮಾಡಿದ ಆ ಶಿಲ್ಪಿಗಳ ದೂರದೃಷ್ಟಿಯನ್ನು ನಾನು ಬಹಳವಾಗಿ ಮೆಚ್ಚಿದ್ದೇನೆ. ಇದರಿಂದ ಎಲ್ಲ .೩೮ಗಳೂ ಒಂದೇ ವಂಶದವೆಂದು ತಿಳಿಯುವುದೂ ತಪ್ಪು. ೧೮೭೭ರ .೩೮ ಸ್ಮಿತ್-ವೆಸನ್ ತೋಟೆಯ ಗುಂಡು .೩೬೧ ಅಂಗುಲ, ಸ್ಪೆಶಲಿನದು .೩೫೭ ಆಸುಪಾಸು, ಹೆಸರಿನಲ್ಲಿ ಒಡಹುಟ್ಟಿದವು, ಮೈಯಲ್ಲಿ ಬೇರೆ.

ಗಿಡ್ಡ ತೋಟೆಯನ್ನು ಉದ್ದನೆಯ ಗೂಡಿನಲ್ಲಿ ಹಾರಿಸುವವರು ಒಂದನ್ನು ನೆನಪಿಡಬೇಕು. ಕೋಶದ ಬಾಯಿಯ ಮುಂದೆ ಗೂಡಿನಲ್ಲಿ ಮಸಿಯೂ ಸೀಸವೂ ಬಳೆಯಂತೆ ಕಟ್ಟುತ್ತವೆ. ಅದನ್ನು ಉಜ್ಜಿ ತೆಗೆಯದಿದ್ದರೆ ಆಮೇಲೆ ಉದ್ದನೆಯ ತೋಟೆ ಇಳಿಯುವಾಗ ತಡೆಯುತ್ತದೆ. ಬಲಾತ್ಕಾರದಿಂದ ತುರುಕುವುದು ಅಪಾಯ.

“ನಾನು ಹಾಗೆಯೇ ಹಾರಿಸಿದೆ, ಏನೂ ಆಗಲಿಲ್ಲ” ಎನ್ನುವವರೂ ಇದ್ದಾರೆ. ಅವರ ಮಾತು ಸುಳ್ಳಲ್ಲ. ಆದರೆ ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯದು, ಹತ್ತು ಸಲ ಬಗ್ಗಿಸಿದರೆ ಮುರಿಯುತ್ತದೆ. ಹತ್ತನೆಯ ಸಲವೆಂದು ಅದು ಮುಂಚಿತವಾಗಿ ಹೇಳುವುದಿಲ್ಲ. ಮೇರೆ ಮೀರಿದ ಒತ್ತಡವನ್ನು ತಡೆದ ಉಕ್ಕಿನಲ್ಲಿ ಕಣ್ಣಿಗೆ ಕಾಣದ ಬಿರುಕು ಬೆಳೆಯುತ್ತ ಹೋಗುತ್ತದೆ.

ರಿವಾಲ್ವರು ಕೆಲವರ ಮನೆಯಲ್ಲಿದ್ದರೆ ಚರೆಕೋವಿ ಅನೇಕರ ಮನೆಯಲ್ಲಿದೆ. ಅಲ್ಲಿಯ ಲೆಕ್ಕವೇ ವಿಪರೀತ. ಒಂದು ಪೌಂಡು ಸೀಸದಲ್ಲಿ ನಳಿಗೆಯ ಅಗಲಕ್ಕೆ ಸರಿಯಾದ ಉಂಡೆಗಳು ಎಷ್ಟಾಗುತ್ತವೆಯೋ ಅದು ಅದರ ಬೋರು. ಹನ್ನೆರಡಾದರೆ ೧೨ ಬೋರು, ಅಗಲ ಸುಮಾರು ೧೮.೫ ಮಿಲಿಮೀಟರು. ಇಪ್ಪತ್ತಾದರೆ ಉಂಡೆ ಸಣ್ಣದು, ನಳಿಗೆಯೂ ಕಿರಿದು, ೧೫.೬ ಮಿಲಿಮೀಟರು. ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಇದರ ನಡುವೆ .೪೧೦ ಎಂಬುದೊಂದು ಮಾತ್ರ ಉಂಡೆಯ ಲೆಕ್ಕವನ್ನು ಬಿಟ್ಟು ಅಂಗುಲದ ಲೆಕ್ಕಕ್ಕೆ ಹೋಗಿ ಕುಳಿತಿದೆ. ಬಾಲಕರಿಗೆ ಗಣಿತ ಕಲಿಸಿದವನಿಗೆ ಈ ಅವ್ಯವಸ್ಥೆ ಸಹಿಸದು. ಆದರೂ ಲೋಕರೂಢಿಯನ್ನು ತಿದ್ದುವವರು ಯಾರು?

ಇಲ್ಲಿ ಒಂದು ಘೋರವಾದ ಅಪಾಯವಿದೆ. ಮನೆಯವರೆಲ್ಲರೂ ಇದನ್ನು ಅರಿತಿರಬೇಕು. ೨೦ ಬೋರಿನ ತೋಟೆಯನ್ನು ೧೨ ಬೋರಿನ ನಳಿಗೆಗೆ ಹಾಕಿದರೆ ಅದು ಗೂಡನ್ನು ದಾಟಿ ಜಾರಿ, ಮುಂದೆ ನಳಿಗೆ ಕಿರಿದಾಗುವೆಡೆಯಲ್ಲಿ ಅಂಚು ತಗಲಿ ನಿಂತುಬಿಡುತ್ತದೆ. ಹಿಂದಿನಿಂದ ನೋಡಿದವನಿಗೆ ಗೂಡು ಬರಿದೆಂದು ತೋರುವುದರಿಂದ, ಹಾಕಲು ಮರೆತೆನೆಂದು ೧೨ ಬೋರಿನ ತೋಟೆಯೊಂದನ್ನು ಹಾಕಿ ಹಾರಿಸುತ್ತಾನೆ. ಮುಂದೆ ದಾರಿ ಕಟ್ಟಿದೆ. ನಳಿಗೆಯು ಮುಂಗೈ ಹಿಡಿದಿರುವ ಸ್ಥಳದಲ್ಲಿಯೇ ಸಿಡಿಯುತ್ತದೆ. ಬೆರಳುಗಳನ್ನು ಕಳೆದುಕೊಂಡವರು ಲೋಕದಲ್ಲಿ ಹಲವರು. ಈ ಕಾರಣದಿಂದಲೇ ೨೦ ಬೋರಿನ ತೋಟೆಗೆ ಹಳದಿ ಬಣ್ಣವನ್ನು ಹಾಕುವುದು ವಾಡಿಕೆಯಾಯಿತು. ಎರಡು ಬೋರಿನ ಕೋವಿಗಳಿರುವ ಮನೆಯಲ್ಲಿ ತೋಟೆಗಳನ್ನು ಒಂದೇ ಚೀಲದಲ್ಲಿ, ಒಂದೇ ಜೇಬಿನಲ್ಲಿ ಇಡತಕ್ಕದ್ದಲ್ಲ.

೧೨ ಬೋರಿನೊಳಗೂ ಉದ್ದದ ಭೇದವುಂಟು. ಹಿರಿಯರ ಕಾಲದ ಇಂಗ್ಲಿಷ್ ಕೋವಿಗಳಲ್ಲಿ ಅನೇಕವು ಎರಡೂವರೆ ಅಂಗುಲದ, ಅಂದರೆ ೬೫ ಮಿಲಿಮೀಟರಿನ, ಗೂಡುಳ್ಳವು. ಇಂದು ೭೦ ಮಿಲಿಮೀಟರಿನ ತೋಟೆಗಳೂ ದೊರೆಯುತ್ತವೆ. ಹೇಳುವ ಉದ್ದವು ಹಾರಿಸಿದ ಮೇಲೆ ಬಾಯಿ ಬಿಚ್ಚಿಕೊಂಡ ಕೋಶದ ಉದ್ದ. ಹಾರಿಸುವ ಮುಂಚೆ ಮಡಿಸಿಕೊಂಡಿರುವಾಗ ಅದು ಮೋಟಾಗಿರುವುದರಿಂದ ಹಳೆಯ ಗೂಡಿಗೂ ಸುಖವಾಗಿ ಇಳಿಯುತ್ತದೆ. ಸಿಡಿದಾಗ ಮಡಿಕೆ ಬಿಚ್ಚಿಕೊಳ್ಳಲು ಎಡೆಯಿಲ್ಲದೆ ಚರೆಯ ದಾರಿಯನ್ನು ಕಿರಿದುಮಾಡಿ ಒತ್ತಡವನ್ನು ಏರಿಸುತ್ತದೆ. ನಳಿಗೆಯ ಮೇಲೆ ಅಲೆಯಲೆಯಾದ ಚಿತ್ತಾರವಿದ್ದರೆ ಅದು ದಮಾಸ್ಕಸ್ ನಳಿಗೆ, ಕಬ್ಬಿಣ ಉಕ್ಕುಗಳ ಪಟ್ಟಿಗಳನ್ನು ಸುತ್ತಿ ಬೆಸೆದುದು. ಬಹಳ ಮಟ್ಟಿಗೆ ಹೊಗೆಮದ್ದಿನ ಕಾಲಕ್ಕೆ ಸೇರಿದುದು. ನಳಿಗೆಯ ಕೆಳಗೆ ‘ನೈಟ್ರೋ ಪ್ರೂಫ್’ ಎಂಬ ಪರೀಕ್ಷೆಯ ಮುದ್ರೆ ಇಲ್ಲದಿದ್ದರೆ ಈಗಿನ ಹೊಗೆಯಿಲ್ಲದ ಮದ್ದಿನ ತೋಟೆಯನ್ನು ಅದರಲ್ಲಿ ಹಾರಿಸದೆ, ಪೂಜೆಗೆ ಮಾತ್ರ ಇಟ್ಟುಕೊಳ್ಳುವುದು ಲೇಸು. ಹಿರಿಯರ ವಸ್ತುವಿಗೆ ಅದರಿಂದ ಗೌರವ ಕಡಮೆಯಾಗುವುದಿಲ್ಲ.

ಹಾರಿಸುವಾಗ ಶಬ್ದವು ವಾಡಿಕೆಗಿಂತ ಕ್ಷೀಣವಾಗಿ ‘ಟುಸ್’ ಎಂದರೆ ಅಲ್ಲಿಯೇ ನಿಲ್ಲಿಸಬೇಕು. ಗುಂಡು ನಳಿಗೆಯ ನಡುವೆ ಸಿಕ್ಕಿಕೊಂಡಿರಬಹುದು, ಅದರ ಬೆನ್ನಿಗೆ ಎರಡನೆಯದನ್ನು ಬಿಟ್ಟರೆ ನಳಿಗೆ ಒಡೆಯುತ್ತದೆ. ಗೂಡನ್ನು ಬರಿದುಮಾಡಿ ನಳಿಗೆಯಲ್ಲಿ ಬೆಳಕು ಕಾಣುವುದೋ ಎಂದು ಹಿಂದಿನಿಂದ ನೋಡಬೇಕು. ಕೈಲ್‌ಪೊಳ್ದಿನ ಪೂಜೆ ಮುಗಿಸಿ ತೆಂಗಿನಕಾಯಿಗೆ ಗುಂಡು ಹೊಡೆಯಲು ಹೊರಡುವವರು ತೋಕ್‌ಪೂವನ್ನು ತೆಗೆದ ಮೇಲೆಯೂ ಹೀಗೆಯೇ ಒಮ್ಮೆ ನೋಡುವುದು ಒಳ್ಳೆಯದು. ತೊಟ್ಟಿನ ತುಂಡು ಒಳಗೆ ಉಳಿದಿರಲೂಬಹುದು.

ಆ ತರುಣರ ಚಿಕ್ಕಪ್ಪನವರ ಪೆಟ್ಟಿಗೆಯ ಗತಿಯೇನೆಂದು ವಾಚಕರು ಕೇಳಬಹುದು. ಅಂಥ ತೋಟೆಗಳನ್ನು ಒಲೆಗೆ ಹಾಕಬಾರದು, ಬಾವಿಗೆ ಎಸೆಯಬಾರದು, ಹುಡುಗರ ಕೈಗಂತೂ ಸಿಕ್ಕಬಾರದು. ಆಯುಧ ವ್ಯಾಪಾರದ ಲೈಸೆನ್ಸುಳ್ಳ ಅಂಗಡಿಯವರಲ್ಲಿಯೋ ಹತ್ತಿರದ ಪೊಲೀಸ್ ಠಾಣೆಯಲ್ಲಿಯೋ ಒಪ್ಪಿಸಿ ರಸೀದಿ ಪಡೆಯಬೇಕು. ಅವರು ಮಾರನೆಯ ಸೋಮವಾರವೇ ಪೆಟ್ಟಿಗೆಯನ್ನು ಒಯ್ದು ಒಪ್ಪಿಸಿ ಬಂದರು.