ಸುದ್ದಿ ಹಳತಾಯಿತು, ಷೇರು ಇನ್ನೂ ಓಡುತ್ತಿದೆ!

2013ರ ಜನವರಿ 11. ಇನ್ಫೊಸಿಸ್ ತ್ರೈಮಾಸಿಕ ಫಲಿತಾಂಶ ಪ್ರಕಟಿಸಿತು. ಒಂದೇ ದಿನದಲ್ಲಿ ಷೇರು ಸುಮಾರು ಶೇ 17ರಷ್ಟು ಮೇಲಕ್ಕೆ! ಏಪ್ರಿಲ್ 12, ಮತ್ತೊಂದು ಫಲಿತಾಂಶ. ಈ ಸಲ ಸುಮಾರು ಶೇ 21ರಷ್ಟು ಕೆಳಕ್ಕೆ! ನಡುವೆ ಕಳೆದದ್ದು ಬರೀ ಮೂರು ತಿಂಗಳು!

ಎಂಥ ಏಟು ಅಲ್ಲವೇ? ಆದರೆ ನಿಜವಾದ ಬೆರಗು ಇದಲ್ಲ. ಅದು ಶುರುವಾಗುವುದು ಮರುದಿನ!

ನೀವೇ ಊಹಿಸಿ. ಒಂದು ಕಂಪನಿಯ ಲಾಭ ಎಲ್ಲರ ಅಂದಾಜನ್ನೂ ಮೀರಿತು. ಪೇಪರಿನಲ್ಲಿ ಬಂತು, ಟಿವಿಯಲ್ಲಿ ಬಂತು. ಗುಟ್ಟು ಅಂತ ಏನೂ ಉಳಿದಿಲ್ಲ. ಇನ್ನೆಷ್ಟು ದಿನ ಆ ಷೇರು ಏರೀತು? ಒಂದು ದಿನ? ಒಂದು ವಾರ?

ಊಹೂಂ. ಸುಮಾರು 60 ವಹಿವಾಟಿನ ದಿನಗಳು! ಹತ್ತಿರ ಹತ್ತಿರ ಮೂರು ತಿಂಗಳು!

ಇದರ ಸುಳಿವು ಸಿಕ್ಕಿದ್ದು 1968ರಲ್ಲಿ. ರೇ ಬಾಲ್, ಫಿಲಿಪ್ ಬ್ರೌನ್ ಎಂಬ ಇಬ್ಬರು ಆಸ್ಟ್ರೇಲಿಯನ್ನರು ಅಮೆರಿಕದ 261 ಕಂಪನಿಗಳ ಲೆಕ್ಕ ಜಾಲಾಡಿದರು. ಸಿಹಿಸುದ್ದಿ ಬಂದ ಷೇರು ಸರಾಸರಿಯಲ್ಲಿ ಏರುತ್ತಲೇ ಹೋಗಿತ್ತು, ಕಹಿಸುದ್ದಿ ಬಂದದ್ದು ಇಳಿಯುತ್ತಲೇ ಹೋಗಿತ್ತು. 1989ರಲ್ಲಿ ವಿಕ್ಟರ್ ಬರ್ನಾರ್ಡ್, ಜೇಕಬ್ ಥಾಮಸ್ ಇದನ್ನೇ ಇನ್ನಷ್ಟು ಕೆದಕಿ 60 ದಿನದ ಲೆಕ್ಕ ಕೊಟ್ಟರು.

ತಡೆಯಿರಿ, ಮುಖ್ಯವಾದದ್ದು ಈಗ ಬರುತ್ತದೆ! ಮರುವರ್ಷ ಅವರಿಬ್ಬರೂ ಮುಂದಿನ ನಾಲ್ಕು ಫಲಿತಾಂಶಗಳ ದಿನಗಳನ್ನು ನೋಡಿದರು. ಇವತ್ತು ಲಾಭ ನಿರೀಕ್ಷೆ ಮೀರಿದರೆ, ಮುಂದಿನ ಫಲಿತಾಂಶದ ಹೊತ್ತಿಗೂ ಷೇರು ಏರುವ ಕಡೆಗೇ ವಾಲುತ್ತದೆ. ಅದರಾಚೆಯದಕ್ಕೂ ಏರಿಕೆ, ಆದರೆ ಕಡಿಮೆ. ಮೂರನೆಯದಕ್ಕೆ ಇದ್ದೂ ಇಲ್ಲದಷ್ಟು. ನಾಲ್ಕನೆಯದಕ್ಕೆ?

ಉಲ್ಟಾ! ಇಳಿಕೆ!

ಯಾಕೆ ಗೊತ್ತೇ? ಹೋದ ವರ್ಷ ಇದೇ ತ್ರೈಮಾಸಿಕದಲ್ಲಿ ಎಷ್ಟು ಲಾಭ ಬಂದಿತ್ತೋ ಅಷ್ಟೇ ಈ ಸಲವೂ ಎಂದು ಜನ ಎಣಿಸುತ್ತಾರೆ. ಈ ತ್ರೈಮಾಸಿಕದ ಲಾಭ ಮುಂದಿನದರ ಬಗ್ಗೆ ಏನು ಹೇಳುತ್ತಿದೆ ಎಂಬುದು ಅವರ ತಲೆಗೆ ಪೂರ್ತಿ ಇಳಿಯುವುದೇ ಇಲ್ಲ. ಪ್ರತಿ ಸಲವೂ ಅಚ್ಚರಿ, ಪ್ರತಿ ಸಲವೂ ಬೆಲೆ ಅಲುಗಾಟ! ಇಡೀ ಮಾರುಕಟ್ಟೆ ಒಟ್ಟಾಗಿ ಹೀಗೆ ಮರೆಯುತ್ತದೆ ಎಂಬುದನ್ನು ನೆನೆದರೆ ನನಗೆ ಈಗಲೂ ಮೈ ಜುಮ್ಮೆನ್ನುತ್ತದೆ.

ಇನ್ನೊಂದು ಪ್ರಶ್ನೆ. ವಾರದ ಯಾವ ದಿನ ಸುದ್ದಿ ಬಂದರೆ ಜನ ಅತಿ ಕಡಿಮೆ ಗಮನ ಕೊಡುತ್ತಾರೆ?

ಶುಕ್ರವಾರ! ಅಮೆರಿಕದ ಕಂಪನಿಗಳ ಮೇಲೆ ನಡೆದು 2009ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶುಕ್ರವಾರದ ಫಲಿತಾಂಶಕ್ಕೆ ತಕ್ಷಣದ ಸ್ಪಂದನ ಶೇ 15ರಷ್ಟು ಕಡಿಮೆ. ತಡವಾಗಿ ಬರುವ ಸ್ಪಂದನ? ಶೇ 70ರಷ್ಟು ಹೆಚ್ಚು! ಶನಿವಾರ, ಭಾನುವಾರದ ರಜೆಯ ಗುಂಗು ಕೋಟಿಗಟ್ಟಲೆ ಡಾಲರಿನ ಬೆಲೆಯನ್ನೇ ತಡಮಾಡಿಸುತ್ತದೆ!

ಕಂಪ್ಯೂಟರುಗಳು ಕ್ಷಣದಲ್ಲಿ ಸುದ್ದಿ ಓದುವ ಈ ಕಾಲದಲ್ಲಿ ಅಮೆರಿಕದ ದೊಡ್ಡ ಕಂಪನಿಗಳಲ್ಲಿ ಈ ಓಟ ಬಹಳ ಕುಗ್ಗಿದೆ. ಜೊತೆಗೆ ಇದೆಲ್ಲ ಸರಾಸರಿಯ ಮಾತು. ಒಂದೊಂದು ಷೇರೂ ತನ್ನದೇ ದಾರಿ ಹಿಡಿಯಬಹುದು. ಹಾಗಾಗಿ ದುಡ್ಡು ಹಾಕಲು ಅವಸರ ಬೇಡ. ಮುಂದಿನ ಫಲಿತಾಂಶದ ಸುಗ್ಗಿಯಲ್ಲಿ ನಿಮಗಿಷ್ಟವಾದ ಒಂದು ಕಂಪನಿ ಆರಿಸಿ, ಫಲಿತಾಂಶದ ದಿನದಿಂದ 60 ವಹಿವಾಟಿನ ದಿನ ಅದರ ಬೆಲೆ ಬರೆದಿಡಿ. ಶುಕ್ರವಾರ ಸುದ್ದಿ ಕೊಟ್ಟ ಕಂಪನಿಯಾದರೆ ಇನ್ನೂ ಚೆನ್ನ!