ಚುರುಕಿನ ಗುಳಿಗೆಗೆ ಸುಸ್ತು ಯಾಕೆ?

1956ರವರೆಗೆ ಬೀದರ ಜಿಲ್ಲೆಯಲ್ಲಿದ್ದ ಉದಗೀರ, ನಿಲಂಗಾ ಇಂದು ಲಾತೂರ ಜಿಲ್ಲೆಯಲ್ಲಿವೆ. ಉಮರ್ಗಾ ಇರುವುದು ಧಾರಾಶಿವ ಜಿಲ್ಲೆಯಲ್ಲಿ. ಈ ಊರುಗಳ ಕನ್ನಡದ ಮನೆಯವರು ಮನೋವೈದ್ಯರನ್ನು ಹುಡುಕಿ ಲಾತೂರ, ಸೋಲಾಪುರ, ಬೀದರ, ಕಲಬುರಗಿಗೆ ಬಸ್ ಹತ್ತುವುದುಂಟು. ಮನೆಗೆ ಬಂದ ಮೇಲೆ ಅನುಮಾನ ಹುಟ್ಟಿದರೆ ಮರುದಿನವೇ ಮತ್ತೆ ಹೋಗಿ ಕೇಳಲಾಗದು. ಅಷ್ಟರಲ್ಲಿ ನೆರೆಹೊರೆಯವರ ಮಾತೇ ವೈದ್ಯರ ಮಾತಿನ ಜಾಗ ಹಿಡಿಯುತ್ತದೆ. ಗಮನ ನಿಲ್ಲದ, ಕೂತಲ್ಲಿ ಕೂರದ ಎಡಿಎಚ್‌ಡಿ ತೊಂದರೆಗೆ ಕೊಡುವ ಮಿಥೈಲ್‌ಫೆನಿಡೇಟ್ ಗುಳಿಗೆಯ ಬಗ್ಗೆಯೂ ಹೀಗೇ ಆಗುತ್ತದೆ.

ನಂಬಿಕೆ 1: "ಚುರುಕು ಮಾಡೋ ಗುಳಿಗಿ ಸುಸ್ತು ಹ್ಯಾಂಗ ಮಾಡ್ತದ? ನಕಲಿ ಇರಬೇಕು."

ಸತ್ಯ: ಈ ಗುಳಿಗೆ ಮೈಗೆ ಹೊಸ ಶಕ್ತಿ ತುಂಬುವುದಿಲ್ಲ. ಮಿದುಳಿನಲ್ಲಿ ಡೋಪಮಿನ್, ನಾರ್‌ಅಡ್ರಿನಲಿನ್ ಹೆಚ್ಚು ಹೊತ್ತು ಉಳಿಯುವಂತೆ ಮಾಡುತ್ತದೆ, ಅಷ್ಟೇ. ಸಾದಾ ಗುಳಿಗೆಯ ಕೆಲಸ ಸುಮಾರು 3–4 ತಾಸು. ಅದು ಇಳಿಯುವ ಹೊತ್ತಿಗೆ ಕೆಲವರಿಗೆ ಸುಸ್ತು, ಸಿಡುಕು ಒಟ್ಟಿಗೇ ಬರುತ್ತವೆ. ಹಸಿವು ಕುಂದಿ ಬುತ್ತಿ ಹಾಗೇ ಮನೆಗೆ ಬಂದರೆ ಸಂಜೆಗೆ ಕೈಕಾಲು ಸೋಲುತ್ತವೆ. ಗುಳಿಗೆ ತಡವಾಗಿ ನುಂಗಿ ರಾತ್ರಿ ನಿದ್ದೆ ಕೆಟ್ಟರೆ ಆಯಾಸ ಬೆಳಗ್ಗೆಯೇ ಕಾಣುತ್ತದೆ. ನುಂಗಿದ ಒಂದೆರಡು ತಾಸಿನಲ್ಲೇ ತೂಕಡಿಕೆ ಬರುವವರೂ ಇದ್ದಾರೆ. ಅವರ ಪ್ರಮಾಣವನ್ನು ವೈದ್ಯರು ಮತ್ತೆ ನೋಡಬೇಕು. ಹಾಗಾಗಿ ಸುಸ್ತು ಯಾವ ಹೊತ್ತಿಗೆ ಬರುತ್ತದೆ ಎಂಬುದರಲ್ಲೇ ಕಾರಣದ ಸುಳಿವಿದೆ. ದಿನವಿಡೀ ಸುಸ್ತಿದ್ದರೆ ರಕ್ತಹೀನತೆ, ಥೈರಾಯ್ಡ್ ಮೊದಲಾದವನ್ನೂ ಪರೀಕ್ಷಿಸಬೇಕಾಗಬಹುದು.

ನಂಬಿಕೆ 2: "ಗುಳಿಗಿ ತಗೊಂಡು ಹುಡುಗ ತಣ್ಣಗಾದ. ಅಂದ್ರ ರೋಗ ಖರೇನೇ ಅದ."

ಸತ್ಯ: ಅಮೆರಿಕದ ವೈದ್ಯೆ ಜೂಡಿತ್ ರಾಪೊಪೋರ್ಟ್ ಮತ್ತು ಸಂಗಡಿಗರು ಯಾವ ತೊಂದರೆಯೂ ಇಲ್ಲದ ಹುಡುಗರಿಗೆ ಇದೇ ಬಗೆಯ ಔಷಧಿ ಕೊಟ್ಟು ನೋಡಿ, ಫಲಿತಾಂಶವನ್ನು 1978ರಲ್ಲಿ ಪ್ರಕಟಿಸಿದರು. ಆ ಹುಡುಗರ ಓಡಾಟವೂ ತಗ್ಗಿತ್ತು, ಗಮನವೂ ಹೆಚ್ಚಿತ್ತು. ಆದ್ದರಿಂದ ಗುಳಿಗೆಯ ಪರಿಣಾಮ ನೋಡಿ ರೋಗ ತೀರ್ಮಾನಿಸಲಾಗದು. ಇನ್ನು ತಣ್ಣಗಾಗುವುದು ಬೇರೆ, ಮಂಕಾಗುವುದು ಬೇರೆ. ಗುಳಿಗೆ ಸರಿಹೊಂದಿದ ಮಗು ಎಂದಿನಂತೆ ನಗುತ್ತದೆ, ಮಾತಾಡುತ್ತದೆ. ಮಾತು ಬಿಟ್ಟು ಶೂನ್ಯ ನೋಡುತ್ತ ಕೂತರೆ ಪ್ರಮಾಣ ಹೆಚ್ಚಾಗಿರಬಹುದು.

ನಂಬಿಕೆ 3: "ಸುಸ್ತಾದ್ರ ಒಂದು ಕಪ್ ಕಡಕ್ ಚಾ ಕೊಡ್ರಿ, ಸರಿ ಹೋಗ್ತಾನ."

ಸತ್ಯ: ಚಹಾದ ಕೆಫೀನ್ ಕೂಡ ಉತ್ತೇಜಕವೇ. ಎರಡೂ ಸೇರಿದರೆ ಎದೆಬಡಿತ, ತಳಮಳ ಹೆಚ್ಚಬಹುದು. ರಾತ್ರಿ ನಿದ್ದೆ ಇನ್ನಷ್ಟು ದೂರ ಸರಿಯುತ್ತದೆ. ಗುಳಿಗೆಗೆ ಮೊದಲೇ ಹೊಟ್ಟೆತುಂಬ ನಾಷ್ಟಾ, ಹಸಿವು ಮರಳುವ ಸಂಜೆಗೆ ಗಟ್ಟಿ ಊಟ, ಸಾಕಷ್ಟು ನೀರು: ಇವು ಚಹಾಕ್ಕಿಂತ ಮೇಲು.

ನಂಬಿಕೆ 4: "ಗಮನದ ಗುಳಿಗಿ ಎಲ್ಲಾ ಒಂದೇ."

ಸತ್ಯ: ಗುಳಿಗೆ ಪಟ್ಟಿಯ ಮೇಲಿನ ಔಷಧಿಯ ಹೆಸರು ಓದಿ. ಅಟೊಮಾಕ್ಸೆಟಿನ್, ಕ್ಲೊನಿಡಿನ್ ಉತ್ತೇಜಕಗಳೇ ಅಲ್ಲ. ಇವುಗಳಿಂದ, ಅದರಲ್ಲೂ ಕ್ಲೊನಿಡಿನ್‌ನಿಂದ, ಮಂಪರು ಬರುವುದು ಸಾಮಾನ್ಯ. ಕ್ಲೊನಿಡಿನ್ ಥಟ್ಟನೆ ಬಿಟ್ಟರೆ ರಕ್ತದೊತ್ತಡ ಏರುವ ಅಪಾಯವೂ ಇದೆ.

ನಂಬಿಕೆ 5: "ಇದು ನಶಾದ ಗುಳಿಗಿ. ಇವತ್ತೇ ಬಿಡಿಸ್ರಿ."

ಸತ್ಯ: ಮಿಥೈಲ್‌ಫೆನಿಡೇಟ್ ಮಾದಕವಸ್ತು ನಿಯಂತ್ರಣ ಕಾಯ್ದೆಯ ಪಟ್ಟಿಯಲ್ಲಿದೆ, ನಿಜ. ದುರುಪಯೋಗ ತಡೆಯಲೆಂದೇ ಆ ಕಟ್ಟುಪಾಡು. ವೈದ್ಯರು ಹೇಳಿದ ಪ್ರಮಾಣದಲ್ಲಿ, ಅವರ ನಿಗಾದಲ್ಲಿ ತೆಗೆದುಕೊಳ್ಳುವುದನ್ನು ನಶೆ ಎನ್ನಲಾಗದು. ಹೆಚ್ಚು ಪ್ರಮಾಣವನ್ನು ಬಹಳ ದಿನ ನುಂಗಿ ಒಮ್ಮೆಲೇ ನಿಲ್ಲಿಸಿದರೆ ಸುಸ್ತು, ಖಿನ್ನತೆ ಅಪ್ಪಳಿಸಬಹುದು. ನೀಟ್ ಪರೀಕ್ಷೆಗೆ ನಿದ್ದೆಗೆಟ್ಟು ಓದಲೆಂದು ಬೇರೆಯವರ ಗುಳಿಗೆ ನುಂಗುವುದು ಮಾತ್ರ ದುರುಪಯೋಗವೇ. ತಪ್ಪಿದ ನಿದ್ದೆ ಅದರಿಂದ ತುಂಬುವುದಿಲ್ಲ, ಮುಂದಕ್ಕೆ ಹೋಗುತ್ತದೆ ಅಷ್ಟೇ.

ಒಂದು ವಾರ ನಾಲ್ಕು ಹೊತ್ತುಗಳನ್ನು ಬರೆದಿಡಿ: ಗುಳಿಗೆ ನುಂಗಿದ್ದು, ಉಂಡದ್ದು, ಮಲಗಿದ್ದು, ಸುಸ್ತು ಬಂದದ್ದು. ವೈದ್ಯರಿಗೆ ಮರಾಠಿಯಲ್ಲಿ ವಿವರಿಸಲು ತಡವರಿಸಿದರೂ ಈ ಚೀಟಿ ಸಾಕು. ಪ್ರಮಾಣ ಬದಲಿಸಬೇಕೋ, ಸಮಯ ಬದಲಿಸಬೇಕೋ, ಗುಳಿಗೆಯನ್ನೇ ಬದಲಿಸಬೇಕೋ ಅವರು ನಿರ್ಧರಿಸಲಿ. ಎದೆನೋವು, ತಲೆಸುತ್ತಿ ಬೀಳುವುದು, ಇಲ್ಲದ್ದು ಕಾಣುವುದು, ಸಾಯುವ ಮಾತು ಇವುಗಳಲ್ಲಿ ಯಾವುದಿದ್ದರೂ ವಾರ ಕಾಯದೆ ತಕ್ಷಣ ಆಸ್ಪತ್ರೆಗೆ ಹೋಗಿ. ಮನಸ್ಸಿನ ಆರೋಗ್ಯದ ಸಲಹೆಗೆ ಸರ್ಕಾರದ ಟೆಲಿ-ಮಾನಸ್ ಸಹಾಯವಾಣಿ 14416 ಇದೆ. ಅಲ್ಲಿ ಕನ್ನಡದಲ್ಲೂ ಮಾತಾಡಬಹುದು, ಮರಾಠಿಯಲ್ಲೂ ಮಾತಾಡಬಹುದು.